ಮೂರು ಉದ್ಧರಣೆ ತೀರ್ಥ

ಬ್ರೇಕಿಲ್ಲದ ಬೈಕಿಗೆ ಆಯುಧಪೂಜೆಯ ದಿನ ನಿಂಬೆಹಣ್ಣು ಇಡಬೇಕೇ ಬೇಡವೇ ಎಂಬುದು ಧರ್ಮಶಾಸ್ತ್ರಕಾರರು ಯಾರೂ ಕೈಹಾಕದೆ ಬಿಟ್ಟುಹೋದ ಗಹನವಾದ ಪ್ರಶ್ನೆ. ಅದರ ನಿರ್ಣಯ ಮಹಾನವಮಿಯ ಬೆಳಿಗ್ಗೆ, ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಒಂದು ಮನೆಯ ಗ್ಯಾರೇಜಿನಲ್ಲಿ, ಗಂಡ ಹೆಂಡತಿ ಇಬ್ಬರ ಪಾಲಿಗೆ ಬಂದಿತ್ತು.

"ಇದು ವಾಹನ ಅಲ್ಲ, ಆಯುಧ," ಎಂದ ಲಕ್ಷ್ಮೀನಾರಾಯಣ. ಮ್ಯಾಂಚೆಸ್ಟರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆಗಿದ್ದ ಅವನಿಗೆ ಯಾವುದನ್ನೇ ಆಗಲಿ ವರ್ಗೀಕರಿಸದೆ ಮುಂದಕ್ಕೆ ಹೋಗಲು ಆಗುತ್ತಿರಲಿಲ್ಲ. "ಬ್ರೇಕಿಲ್ಲ, ಗೇರು ಒಂದೇ, ಲೈಟಿಲ್ಲ, ಹಾರ್ನಿಲ್ಲ. ಎಡಕ್ಕೆ ಬಿಟ್ಟರೆ ಬೇರೆ ಕಡೆ ತಿರುಗಲ್ಲ. ಇದನ್ನ ವಾಹನ ಅಂತ ಯಾವ ಆರ್‌ಟಿಓ ಒಪ್ತಾನೆ?"

"ಚಕ್ರ ಇದೆಯಲ್ಲ ರೀ," ಎಂದಳು ಸೀತಾಲಕ್ಷ್ಮಿ. "ಚಕ್ರ ಇದ್ದರೆ ನಿಂಬೆಹಣ್ಣು."

"ವಿಷ್ಣುವಿನ ಕೈಲೂ ಚಕ್ರ ಇದೆ. ಅದರ ಕೆಳಗೆ ಯಾರು ನಿಂಬೆಹಣ್ಣು ಇಟ್ಟಿದಾರೆ?"

ಹದಿನೈದರ ಮಗಳು ಯಾಮಿನಿ ಶಾಲೆಯ ಬ್ಲೇಜರಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷು. ಬಸ್ಸು ಹೊರಟುಹೋಗುತ್ತದೆ, ದಯವಿಟ್ಟು ಯಾವುದಾದರೂ ಒಂದು ತೀರ್ಮಾನಕ್ಕೆ ಬನ್ನಿ ಎಂದಳು.

ಬೈಕಿನ ಒಡೆಯ ಮೂಲೆಯಲ್ಲಿ ಶೂ ಕಳಚಿ, ಕೈ ಮುಗಿದುಕೊಂಡು ನಿಂತಿದ್ದ. ಹೆಸರು ರಾದೆಕ್. ಪೋಲೆಂಡಿನವನು. ಎರಡು ವರ್ಷದಿಂದ ಇವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು, ಗ್ಯಾರೇಜಿನಲ್ಲಿ ಬೈಕಿಟ್ಟುಕೊಂಡಿದ್ದ. "ಎರಡೂ ಮಾಡಿ," ಎಂದ, ತನ್ನ ಇಂಗ್ಲಿಷಿನಲ್ಲಿ. "ಇವತ್ತು ಯಾವುದನ್ನೂ ಬಿಡೋದು ಬೇಡ."

ಆ ಸಂಜೆ ಲೀಗಿನ ಫೈನಲ್ ಇತ್ತು.

ಸ್ಪೀಡ್‌ವೇ ಎಂಬ ಆಟವನ್ನು ಲಕ್ಷ್ಮೀನಾರಾಯಣ ಮೊದಲು ನೋಡಿದ್ದು ಆಫೀಸಿನ ಯಾರೋ ಕೊಟ್ಟ ಟಿಕೆಟ್ಟಿನಿಂದ. ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷ, ಮುಗಿಯಿತು. ಐದು ದಿನದ ಕ್ರಿಕೆಟ್ಟಿನಲ್ಲಿ ಬಾಲ್ಯವನ್ನು ಸವೆಸಿದವನಿಗೆ ಇದು ಯಾರೋ ಸಾಲ ತೀರಿಸಿದಂತೆ ಅನ್ನಿಸಿತ್ತು. ಕಲ್ಲುಪುಡಿ ಹಾಸಿದ ಅಂಡಾಕಾರದ ಟ್ರ್ಯಾಕಿನಲ್ಲಿ, ಎಡಕ್ಕೆ ತಿರುಗಬೇಕಾದಾಗ ಮುಂದಿನ ಚಕ್ರವನ್ನು ಬಲಕ್ಕೆ ತಿರುಗಿಸಿ, ಎಡಗಾಲಿನ ಉಕ್ಕಿನ ಅಟ್ಟೆಯನ್ನು ನೆಲಕ್ಕೆ ಊರಿ, ಹಿಂದಿನ ಚಕ್ರ ಜಾರಿದಷ್ಟೂ ಜಾರಲು ಬಿಟ್ಟು ಮೂಲೆ ದಾಟುತ್ತಾರೆ. "ನಮ್ಮ ಆಫೀಸಿನ ಮ್ಯಾನೇಜ್‌ಮೆಂಟೇ," ಎಂದು ಅವನು ಮನೆಗೆ ಬಂದು ವಿವರಿಸಿದ್ದ. ಮುಂದಿನ ಬೇಸಿಗೆಯಲ್ಲಿ ಕ್ಲಬ್ಬಿನವರು ಆಟಗಾರರಿಗೆ ಇರಲು ಮನೆ ಹುಡುಕುತ್ತಿದ್ದಾರೆಂದು ಕೇಳಿ, ಹೆಂಡತಿಯನ್ನು ಕೇಳದೆ ನಮ್ಮ ಮನೆಯಿದೆ ಎಂದುಬಿಟ್ಟ. ಹಾಗೆ ಬಂದವನು ರಾದೆಕ್.

ರಾದೆಕ್ ಹುಟ್ಟಿದ್ದು ರಾವಿಚ್ ಎಂಬ ಊರಿನಲ್ಲಿ. ಆ ಸೀಮೆಯಲ್ಲಿ ಭಾನುವಾರ ಚರ್ಚಿನಿಂದ ಹೊರಬಿದ್ದ ಜನ ಊಟ ಮುಗಿಸಿ ನೇರವಾಗಿ ಟ್ರ್ಯಾಕಿಗೆ ಹೋಗುತ್ತಾರೆ, ಪ್ರಾರ್ಥನೆ ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ. ಅವನು ಹದಿನಾರಕ್ಕೆ ಲೈಸೆನ್ಸು ಪಡೆದ. ಹತ್ತೊಂಬತ್ತಕ್ಕೆ ಪತ್ರಿಕೆಗಳು ನಾಳಿನ ಚಾಂಪಿಯನ್ ಎಂದು ಬರೆದವು. ಇಪ್ಪತ್ತೊಂದಕ್ಕೆ ತೊಡೆಯ ಮೂಳೆ ಮುರಿಯಿತು; ನಾಳೆ ಬಂದಾಗ ಅವನು ಆಸ್ಪತ್ರೆಯಲ್ಲಿದ್ದ. ಪೋಲೆಂಡಿನ ಆಟಗಾರರು ಅಲ್ಲಿ ಹೆಸರು ಮಾಡುವ ಮೊದಲೂ ಇಂಗ್ಲೆಂಡಿಗೆ ಬರುತ್ತಾರೆ, ಹೆಸರು ಕಳೆದುಕೊಂಡ ಮೇಲೂ ಬರುತ್ತಾರೆ. ರಾದೆಕ್ ಎರಡು ಸಲವೂ ಬಂದವನು. ಬೇಸಿಗೆಯಲ್ಲಿ ಮ್ಯಾಂಚೆಸ್ಟರ್, ಶೆಫೀಲ್ಡ್, ಬರ್ಮಿಂಗ್‌ಹ್ಯಾಮ್ ಎಂದು ವ್ಯಾನು ಓಡಿಸುತ್ತಾ ರೇಸಿಗಿಳಿದು, ಚಳಿಗಾಲದಲ್ಲಿ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. "ಅದಕ್ಕೆ ಬ್ರೇಕ್ ಇದೆ," ಎನ್ನುತ್ತಿದ್ದ. "ನಿದ್ದೆ ಬರತ್ತೆ."

ಈ ಮನೆಯಲ್ಲಿ ಅವನು ಮೊದಲು ಕಲಿತ ಕನ್ನಡ ಪದ 'ಸಾಕು'. ಊಟದ ಮೇಜಿನಲ್ಲಿ ಅದನ್ನು ಎಷ್ಟು ಸ್ಪಷ್ಟವಾಗಿ ಉಚ್ಚರಿಸಿದರೂ ಸೀತಾಲಕ್ಷ್ಮಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೂವತ್ತೊಂದನೆಯ ವಯಸ್ಸಿನಲ್ಲಿ, ಯಾರೂ ನಿರೀಕ್ಷಿಸದಂತೆ, ಅವನಿಗೆ ಒಳ್ಳೆಯ ವರ್ಷವೊಂದು ಒದಗಿಬಂತು. ಗೆದ್ದ, ಮತ್ತೆ ಗೆದ್ದ. ಪೋಲೆಂಡಿನ ಮೊದಲ ದರ್ಜೆಯ ಕ್ಲಬ್ಬೊಂದು ಫೋನು ಮಾಡಿತು: ಫೈನಲ್ ನೋಡುತ್ತೇವೆ, ನವೆಂಬರ್ ಮಧ್ಯಕ್ಕೆ ಮುಂದಿನ ವರ್ಷದ ತಂಡವನ್ನು ಅಂತಿಮಗೊಳಿಸುತ್ತೇವೆ, ಅಷ್ಟರೊಳಗೆ ಮಾತಾಡೋಣ. ಅವನ ಅಮ್ಮ ಊರಿನ ಟ್ರ್ಯಾಕಿನ ಪಕ್ಕದಲ್ಲೇ ಇದ್ದರೂ ಹತ್ತು ವರ್ಷದಿಂದ ಅದರ ಕಡೆ ತಲೆ ಹಾಕಿರಲಿಲ್ಲವಂತೆ. ಮಗ ಮನೆಗೆ ಬಂದು ಓಡಿಸಿದರೆ ಬರುತ್ತೇನೆ ಎಂದಿದ್ದಳಂತೆ. ಮೂವತ್ತೊಂದರವನನ್ನು ಕರೆಯುವ ಕ್ಲಬ್ಬು ಮೂವತ್ತೆರಡರವನನ್ನು ಕರೆಯುವುದಿಲ್ಲ ಎಂಬುದು ರಾದೆಕ್‌ಗೂ ಗೊತ್ತಿತ್ತು, ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಸೀತಾಲಕ್ಷ್ಮಿಗೂ ಗೊತ್ತಿತ್ತು.

ಆದ್ದರಿಂದಲೇ ಆ ಬೆಳಿಗ್ಗೆ ಅವಳು ಪೂಜೆಯಲ್ಲಿ ಯಾವ ಲೋಪವನ್ನೂ ಉಳಿಸಲಿಲ್ಲ. ಹ್ಯಾಂಡಲಿಗೆ ಅರಿಶಿನ ಕುಂಕುಮ, ಟ್ಯಾಂಕಿಗೆ ಗಂಧದ ಮೂರು ಪಟ್ಟೆ, ಸೂಪರ್‌ಮಾರ್ಕೆಟ್ಟಿನ ಸೇವಂತಿಗೆಯ ಸರ. ಆರತಿಯಾಗುತ್ತಿದ್ದಂತೆ ರಾದೆಕ್‌ನ ಫೋನು ಕೂಗಿತು. ಪೋಲೆಂಡಿನ ಕ್ಲಬ್ಬಿನವರದೇ. ಅವನು ಕ್ಷಮೆ ಕೇಳಿ, ಕಾಲುಚೀಲದಲ್ಲೇ ಡ್ರೈವ್‌ವೇಗೆ ಓಡಿದ. ಲಕ್ಷ್ಮೀನಾರಾಯಣ ನಿಂಬೆಹಣ್ಣು ತರಲು ಒಳಗೆ ಹೋದ. ಸೀತಾಲಕ್ಷ್ಮಿ ಪಂಚಪಾತ್ರೆ ಎತ್ತಿಕೊಂಡಳು.

ಮೈಸೂರಿನಲ್ಲಿ ಅವಳ ಅಪ್ಪನದೊಂದು ಸ್ಕೂಟರಿತ್ತು. ಆಯುಧಪೂಜೆಯ ದಿನ ಅಪ್ಪ ಮನೆಯವರಿಗೆಲ್ಲ ತೀರ್ಥ ಕೊಟ್ಟಾದ ಮೇಲೆ ಪೆಟ್ರೋಲ್ ಮುಚ್ಚಳ ತೆಗೆದು, ಉದ್ಧರಣೆಯಿಂದ ಮೂರು ಸಲ ಒಳಗೆ ಬಿಡುತ್ತಿದ್ದರು. "ಅದಕ್ಕೂ ಹೊಟ್ಟೆ ಇದೆಯಲ್ಲಮ್ಮ." ಸ್ಕೂಟರು ಇಪ್ಪತ್ತೆರಡು ವರ್ಷ ಓಡಿತು. ಮ್ಯಾಕಲ್ಸ್‌ಫೀಲ್ಡಿನಲ್ಲಿ ತನ್ನ ಕಾರಿಗೂ ಸೀತಾಲಕ್ಷ್ಮಿ ವರ್ಷ ವರ್ಷ ಹಾಗೇ ಮಾಡುತ್ತಿದ್ದಳು, ಕಾರೂ ಏನೂ ಅಂದಿರಲಿಲ್ಲ. ಈಗ ಬೈಕಿನ ಪುಟ್ಟ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ರಾದೆಕ್ ಬೆಳಿಗ್ಗೆಯೇ ಇಂಧನ ತುಂಬಿಸಿಟ್ಟಿದ್ದ. ತುಳಸಿ, ಏಲಕ್ಕಿ, ಪಚ್ಚಕರ್ಪೂರ ಹಾಕಿದ ತೀರ್ಥ, ಒಂದು, ಎರಡು, ಮೂರು ಉದ್ಧರಣೆ.

"ಅಮ್ಮ, ಅದು ಸರೀನಾ?" ಎಂದು ಯಾಮಿನಿ ಇಂಗ್ಲಿಷಿನಲ್ಲಿ ಕೇಳಿದಳು.

"ತಾತ ಮಾಡ್ತಿದ್ದರು. ಸುಮ್ನಿರು. ಬಸ್ಸು ಹೋಗತ್ತೆ ನೋಡು." ಫೋನು ಮುಗಿಸಿ ಬಂದ ರಾದೆಕ್‌ನ ಅಂಗೈಗೂ ಅದೇ ತೀರ್ಥದ ಒಂದು ಉದ್ಧರಣೆ ಬಿಟ್ಟಳು.

ಸೀತಾಲಕ್ಷ್ಮಿ ಊರಿನ ದೊಡ್ಡ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಹಿರಿಯ ಅಧಿಕಾರಿ. ಕಲಬೆರಕೆ ಹಿಡಿಯುವುದೇ ಅವಳ ಕಸುಬು. ಸ್ಪೀಡ್‌ವೇ ಬೈಕು ಓಡುವುದು ಮೆಥನಾಲಿನಲ್ಲಿ, ಮೆಥನಾಲು ನೀರನ್ನೂ ಕರ್ಪೂರವನ್ನೂ ಬೀಗರಂತೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಅವಳು ಇಪ್ಪತ್ತು ವರ್ಷದಿಂದ ಬಲ್ಲಳು. ಅವಳ ಪ್ರಯೋಗಾಲಯದಲ್ಲಿ ಡ್ರಮ್ಮುಗಟ್ಟಲೆ ಮೆಥನಾಲು ಖರ್ಚಾಗುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿದ್ದದ್ದು ಅಪ್ಪನ ಮಗಳು. ಅಧಿಕಾರಿ ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ.

ಸಂಜೆ ರಾದೆಕ್ ಇಳಿದ ಐದು ರೇಸುಗಳಲ್ಲಿ ಐದನ್ನೂ ಗೆದ್ದ. ಕಲ್ಲುಪುಡಿ ಹಾರಿ ಬಂದು ಮೊದಲ ಸಾಲಿನವರ ಬಾಯಿಗೆ ಬೀಳುತ್ತಿತ್ತು. ಲಕ್ಷ್ಮೀನಾರಾಯಣ ಅದನ್ನು ಉಗಿಯುವುದನ್ನೂ ಮರೆತು ಕುಣಿದ. ಮೊದಲ ರೇಸಿನ ನಂತರ ಕಿತ್ತಳೆ ಜಾಕೆಟ್ಟಿನ ಅಧಿಕಾರಿಯೊಬ್ಬ ರಾದೆಕ್‌ನ ಬೈಕಿನ ಪಕ್ಕ ಮಂಡಿಯೂರಿ, ಟ್ಯಾಂಕಿನಿಂದ ಒಂದು ಸಣ್ಣ ಸೀಸೆಗೆ ಇಂಧನ ತೆಗೆದ. ಫೈನಲ್‌ನಲ್ಲಿ ಹಾಗೆ ತೆಗೆಯುವುದು ರೂಢಿ. ಅವನು ಸೀಸೆ ತುಂಬುವ ಮೊದಲೇ ಲೇಬಲ್ ಅಂಟಿಸಿದ್ದನ್ನು ಸೀತಾಲಕ್ಷ್ಮಿ ದೂರದಿಂದ ಗಮನಿಸಿ, ಪರವಾಗಿಲ್ಲ, ಕೆಲಸ ಗೊತ್ತು ಇವನಿಗೆ, ಎಂದು ಮೆಚ್ಚಿಕೊಂಡಳು.

ಅಕ್ಟೋಬರ್ ಕೊನೆಗೆ ವರದಿ ಬಂತು. ರಾದೆಕ್ ಅಡಿಗೆಮನೆಯ ಸ್ಟೂಲಿನಲ್ಲಿ ಕೂತು ಫೋನಿನಿಂದ ಓದಿದ. ಇಂಧನ ಶುದ್ಧ ಮೆಥನಾಲ್ ಆಗಿರಲಿಲ್ಲ. ಮಿತಿಗಿಂತ ಹೆಚ್ಚು ನೀರು. ಜೊತೆಗೆ ಕರ್ಪೂರದ ಜಾತಿಯ ಒಂದು ವಸ್ತು. "ಕರ್ಪೂರ," ಎಂದ ರಾದೆಕ್, ಆ ಪದವನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡುವವನಂತೆ. "ಬೈಕನ್ನ ಜೋರಾಗಿ ಓಡಿಸೋಕೆ ಬೆರೆಸಿದ್ದೀಯ ಅಂತಾರೆ. ಈಗ ಸಸ್ಪೆಂಡ್. ಮುಂದೆ ವಿಚಾರಣೆ."

ಸೀತಾಲಕ್ಷ್ಮಿಯ ಕೈಯಲ್ಲಿ ಒಗ್ಗರಣೆ ಸೌಟಿತ್ತು. ಅವನು 'ನೀರು' ಎಂದಾಗಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಸಾಸಿವೆ ಸಿಡಿದು, ಕಪ್ಪಾಗಿ, ಹೊಗೆಯ ಅಲಾರ್ಮು ಹೊಡೆದುಕೊಂಡಿತು. ರಾದೆಕ್ ಎದ್ದು ಟವೆಲು ಬೀಸಿ ಅದನ್ನು ಸುಮ್ಮನಾಗಿಸಿದ. ಅವಳು ಬಾಯಿ ತೆರೆದಾಗ ಬಂದದ್ದು, "ಬೇರೆ ಒಗ್ಗರಣೆ ಹಾಕ್ತೀನಿ," ಎಂಬ ಮಾತು.

ಹೇಳುವುದು ಕಷ್ಟವೇನಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಕಾರಿನಲ್ಲಿ, ಕೆಂಪು ದೀಪಗಳಲ್ಲಿ ಅಭ್ಯಾಸವನ್ನೂ ಮಾಡಿದಳು. ಇಂಗ್ಲಿಷಿನಲ್ಲಿ 'ಪವಿತ್ರ ಜಲ' ಎಂದರೆ ಮರ್ಯಾದೆಯಾಗಿ ಕೇಳಿಸುತ್ತಿತ್ತು. ಯಂತ್ರಕ್ಕೂ ಹೊಟ್ಟೆಯಿರುವುದರಿಂದ ತುಳಸಿಯ ನೀರನ್ನು ಇಂಧನದ ಟ್ಯಾಂಕಿಗೆ ಸುರಿದೆ ಎಂಬಲ್ಲಿಗೆ ಬರುವಾಗ ದೀಪ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ಕಷ್ಟವಿದ್ದದ್ದು ಬೇರೆ ಕಡೆ. ಅವಳ ಕಾರ್ಖಾನೆಯಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ಆ ಹುದ್ದೆಯಲ್ಲಿರುವವರು ಸಹಿ ಹಾಕದೆ ಒಂದು ಮಾತ್ರೆಯೂ ಗೇಟು ದಾಟುವಂತಿಲ್ಲ. ಸಂದರ್ಶನ ನವೆಂಬರಿನ ಎರಡನೆಯ ಬುಧವಾರ. ಬೇಕಾದ ಡಿಗ್ರಿಗಳೆಲ್ಲ ಅವಳಲ್ಲಿದ್ದವು. ಅವುಗಳ ಜೊತೆಗೆ ಇರಲೇಬೇಕಾದದ್ದು, ಯಾವುದರಲ್ಲೂ ಏನನ್ನೂ ಬೆರೆಸದವಳು ಎಂಬ ಹೆಸರು.

ಗಂಡನಿಗೆ ಹೇಳಿದಳು. ಲಕ್ಷ್ಮೀನಾರಾಯಣ ಲ್ಯಾಪ್‌ಟಾಪ್ ಮುಚ್ಚಿ ಅವಳ ಕಡೆ ತಿರುಗಿದ.

"ಎಷ್ಟು ಹಾಕಿದೆ?"

"ಮೂರು ಉದ್ಧರಣೆ."

"ಒಂದು ಸಾಕಿತ್ತು ಕಣೇ."

"ಅದೀಗ ಮುಖ್ಯಾನಾ?"

"ಅಲ್ಲ." ಅವನು ಕನ್ನಡಕ ತೆಗೆದು ಒರೆಸಿದ. "ವಿಚಾರಣೆ ಸೋಮವಾರ. ನಿಂದು ಬುಧವಾರ. ಈ ಸುದ್ದಿ ಆನ್‌ಲೈನ್ ಸ್ಪೀಡ್‌ವೇ ಫೋರಮ್ಮಿಗೆ ಬಿದ್ದರೆ ಸಂಜೆಯೊಳಗೆ ನಿಮ್ಮ ಕ್ಯಾಂಟೀನಿಗೆ ಬರತ್ತೆ. ಗುರುವಾರ ಹೇಳು. ಮೂರು ದಿನದಲ್ಲಿ ಏನು ಮುಳುಗಿಹೋಗತ್ತೆ? ಅಪೀಲು ಅಂತ ಇರತ್ತೆ ಇವರಲ್ಲಿ."

ಅವನು ಕೆಟ್ಟವನಲ್ಲ. ಫೋರಮ್ಮಿನಲ್ಲಿ ರಾದೆಕ್‌ನನ್ನು ಹಳಸಿದ ಕಳ್ಳ ಎಂದವನ ಜೊತೆ ಲಕ್ಷ್ಮೀನಾರಾಯಣ ಸುಳ್ಳು ಹೆಸರಿನಲ್ಲಿ ಒಂದು ವಾರದಿಂದ ಜಗಳವಾಡುತ್ತಿದ್ದ. ಅವಳಿಗೆ ಬೇಕಿದ್ದದ್ದೂ ಯಾರಾದರೂ ಹೀಗೆ ಹೇಳುವುದು. ಗುರುವಾರ ಎಂಬುದು ಒಮ್ಮೆಲೇ ಬಹಳ ನ್ಯಾಯವಾದ ದಿನದಂತೆ ಕಂಡಿತು.

ಆ ವಾರ ಪ್ರಯೋಗಾಲಯದಲ್ಲಿ ಆಶಿಷ್ ಎಂಬ ತರುಣ ತಪ್ಪು ಪಿಪೆಟ್ಟು ಬಳಸಿ, ಎರಡು ದಿನ ಬಾಯಿ ಬಿಡದೆ ಇದ್ದ. ಶೆಫೀಲ್ಡಿನಲ್ಲಿ ಎಂ.ಎಸ್ಸಿ. ಮುಗಿಸಿ ಸೇರಿದ್ದ ಧಾರವಾಡದ ಹುಡುಗ. ಶುಕ್ರವಾರ ಅವಳು ಬಾಗಿಲು ಹಾಕಿ ಅವನನ್ನು ಕೂರಿಸಿಕೊಂಡು, "ತಪ್ಪಾಗೋದು ಅಪರಾಧ ಅಲ್ಲ ಆಶಿಷ್. ಎಲ್ಲರ ಕೈಲೂ ಆಗತ್ತೆ. ಮುಚ್ಚಿಟ್ಟುಕೊಂಡು ಓಡಾಡ್ತೀವಲ್ಲ, ಅದು ಅಪರಾಧ," ಎಂದಳು. ಮಾತು ಚೆನ್ನಾಗಿ ಬಂತು. ಹಿಂದೆಯೂ ಬಹಳ ಜನಕ್ಕೆ ಹೇಳಿದ್ದ ಮಾತು.

"ಹೌದ್ರೀ ಮೇಡಂ," ಎಂದ ಆಶಿಷ್. ಅವನ ಕಣ್ಣು ತುಂಬಿತ್ತು. "ಹೇಳಿಬಿಟ್ಟ ಮ್ಯಾಲೆ ಹಗುರ ಆತ್ರಿ."

ಅವನು ಹೋದ ಮೇಲೆ ಅವಳು ಕೈ ತೊಳೆದುಕೊಂಡಳು. ಪ್ರಯೋಗಾಲಯದಲ್ಲಿ ಅದೊಂದಕ್ಕೆ ಕಾರಣ ಕೊಡಬೇಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಂದಿನಂತೆ ರಾದೆಕ್ ಊಟಕ್ಕೆ ಬಂದ. ಅನ್ನ, ಮೈಸೂರು ಸಾರು, ಹುರುಳಿಕಾಯಿ ಪಲ್ಯ. ಲಕ್ಷ್ಮೀನಾರಾಯಣ ಹವಾಮಾನದ ಬಗ್ಗೆ, ಕೌನ್ಸಿಲ್ ಟ್ಯಾಕ್ಸಿನ ಬಗ್ಗೆ, ಮತ್ತೆ ಹವಾಮಾನದ ಬಗ್ಗೆ ಮಾತಾಡಿದ. ಯಾಮಿನಿ ಅಮ್ಮನನ್ನೇ ನೋಡುತ್ತಾ ಅನ್ನದಲ್ಲಿ ಗೆರೆ ಎಳೆಯುತ್ತಿದ್ದಳು.

ರಾದೆಕ್ ಚಮಚ ಕೆಳಗಿಟ್ಟ. "ನಾಳೆ ಕೇಳ್ತಾರೆ, ಸೀತಾ. ಟ್ಯಾಂಕಿಗೆ ಕರ್ಪೂರ ಹೇಗೆ ಬಂತು ಅಂತ. ಕಾರಣ ಹೇಳಿದರೆ ಬಿಡಬಹುದು, ಇಲ್ಲದಿದ್ದರೆ ಒಂದು ವರ್ಷ ಅಂತ ಲಾಯರ್ ಅಂದ. ಕ್ಲಬ್ಬಿನವರು ಶುಕ್ರವಾರದ ತನಕ ಕಾಯ್ತಾರಂತೆ." ಅವನು ಅವಳನ್ನು ನೋಡಲಿಲ್ಲ. ಸಾರಿನ ಪಾತ್ರೆಯನ್ನು ನೋಡುತ್ತಿದ್ದ. "ಏನು ಹೇಳಲಿ?"

ಸೀತಾಲಕ್ಷ್ಮಿ ಪಲ್ಯದ ಪಾತ್ರೆಯ ಮುಚ್ಚಳ ಮುಚ್ಚಿದಳು.

"ನಿಜ ಹೇಳಿ," ಎಂದಳು ಸೀತಾಲಕ್ಷ್ಮಿ. "ನಿಮಗೆ ಗೊತ್ತಿಲ್ಲ ಅಂತ."

"ಅದು ನಿಜಾನಾ?"

"ಇನ್ನು ಸ್ವಲ್ಪ ಸಾರು ಹಾಕ್ತೀನಿ," ಎಂದು ಅವಳು ಸೌಟೆತ್ತಿದಳು.

"ಸಾಕು," ಎಂದ ರಾದೆಕ್.

ಅವಳು ಬಡಿಸಿದಳು. ಅವನು ಅದನ್ನೂ ಪೂರ್ತಿ ತಿಂದ. ತಟ್ಟೆ ತೊಳೆದಿಟ್ಟು, ಥ್ಯಾಂಕ್ಸ್ ಹೇಳಿ, ಮೇಲೆ ಹೋದ. ಮೆಟ್ಟಿಲಿನ ಸದ್ದು ನಿಂತ ಮೇಲೆ ಯಾಮಿನಿ, ಹುಟ್ಟಿದ ಮೇಲೆ ಬಹುಶಃ ಮೊದಲ ಸಲ, ಇಡೀ ವಾಕ್ಯವನ್ನು ಕನ್ನಡದಲ್ಲೇ ಹೇಳಿದಳು. "ಅಮ್ಮ, ಅವನು ನಿನ್ನ ಕೇಳಿದ."

"ಗುರುವಾರ ಹೇಳ್ತೀನಿ ಅಂದಿದೀನಲ್ಲ."

"ಅವನಿಗೆ ಹೇಳಿಲ್ಲ. ಅಪ್ಪನಿಗೆ ಹೇಳಿದೀಯ."

ಸೋಮವಾರ ವಿಚಾರಣೆ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಮೂರು ಜನರ ಸಮಿತಿ ಕೇಳಿತು. ರಾದೆಕ್ ತನಗೆ ಗೊತ್ತಿಲ್ಲ ಎಂದ. ಟ್ಯಾಂಕಿನೊಳಗೆ ಇರುವುದಕ್ಕೆಲ್ಲ ಓಡಿಸುವವನೇ ಹೊಣೆ ಎಂಬ ನಿಯಮವನ್ನು ಓದಿ, ಒಂದು ವರ್ಷ ನಿಷೇಧಿಸಿದರು. ಮಂಗಳವಾರ ಅವನು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಎಣ್ಣೆ ಹಚ್ಚಿದ. ಬುಧವಾರ ಸೀತಾಲಕ್ಷ್ಮಿ ನೇವಿ ಬಣ್ಣದ ಸೂಟು ಹಾಕಿಕೊಂಡು ಸಂದರ್ಶನಕ್ಕೆ ಹೋದಳು. ನಿಮ್ಮ ಪ್ರಾಮಾಣಿಕತೆಗೆ ಪರೀಕ್ಷೆ ಬಂದ ಸಂದರ್ಭವೊಂದನ್ನು ವಿವರಿಸಿ ಎಂದು ಕೇಳಿದರು. ಹೆಸರು ಹೇಳದೆ, ಆಶಿಷ್‌ನ ಪಿಪೆಟ್ಟಿನ ಕಥೆ ಹೇಳಿದಳು. ಅವರು ತಲೆದೂಗಿದರು.

ಗುರುವಾರ ಬೆಳಿಗ್ಗೆ ಅವಳು ರಜೆ ಹಾಕಿ ಗ್ಯಾರೇಜಿಗೆ ಇಳಿದಳು. ರಾದೆಕ್ ಹಳೆಯ ಟೀಶರ್ಟಿನ ಚೂರಿನಿಂದ ಚೈನು ಒರೆಸುತ್ತಿದ್ದ. ಅವಳು ನಿಂತೇ ಹೇಳಿದಳು. ಕೆಂಪು ದೀಪಗಳಲ್ಲಿ ಕಲಿತದ್ದು ಯಾವುದೂ ನೆನಪಿಗೆ ಬರಲಿಲ್ಲ. ಅಪ್ಪ, ಸ್ಕೂಟರು, ಹೊಟ್ಟೆ, ಎಲ್ಲ ಹಿಂದುಮುಂದಾಗಿ ಬಂತು.

ರಾದೆಕ್ ಚೈನನ್ನು ಮುಗಿಸಿಯೇ ತಲೆಯೆತ್ತಿದ.

"ನಮ್ಮೂರಲ್ಲೂ ಇದೆ," ಎಂದ. "ಜುಲೈನಲ್ಲಿ ಪಾದ್ರಿ ಬಂದು ಕಾರು, ಬೈಕು, ಟ್ರ್ಯಾಕ್ಟರು ಎಲ್ಲದರ ಮೇಲೂ ಪವಿತ್ರ ಜಲ ಚಿಮುಕಿಸ್ತಾರೆ. ಆದರೆ ಮುಚ್ಚಳ ಹಾಕಿದೆಯಾ ಅಂತ ಮೊದಲು ನೋಡ್ತಾರೆ."

ಅವಳಿಗೆ ನಗು ಬಂತು, ಬಂದದ್ದಕ್ಕೆ ಹೇಸಿಗೆಯಾಯಿತು.

"ನಿಮಗೆ ಗೊತ್ತಿತ್ತು."

"ಪೂಜೆ ದಿನ ನನಗೂ ಒಂದು ಚಮಚ ಕೊಟ್ಟಿದ್ದೆ, ಸೀತಾ. ಕರ್ಪೂರದ್ದೇ ರುಚಿ. ವರದಿ ಓದಿದಾಗಲೇ ಗೊತ್ತಾಯ್ತು."

"ಮತ್ತೆ ಸೋಮವಾರ ಯಾಕೆ ಹೇಳಲಿಲ್ಲ?"

ಅವನು ಬಟ್ಟೆಯನ್ನು ಮಡಚಿ, ಮತ್ತೆ ಮಡಚಿ, ಟೂಲ್‌ಬಾಕ್ಸಿನ ಮೇಲಿಟ್ಟ. "ಭಾನುವಾರ ಕೇಳಿದೆ. ನೀನು ಸಾರು ಬಡಿಸಿದೆ. ನಿನಗೆ ಹೇಳೋಕೆ ಇಷ್ಟ ಇಲ್ಲ ಅಂದುಕೊಂಡೆ. ಎರಡು ವರ್ಷ ನಿನ್ನ ಮನೇಲಿ ಉಂಡಿದೀನಿ. ನಿನ್ನ ಹೆಸರು ನಾನು ಹೇಗೆ ಹೇಳಲಿ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು.

"ಈಗಲೇ ಫೋನ್ ಮಾಡ್ತೀನಿ ಅವರಿಗೆ. ನಿಮ್ಮ ಕ್ಲಬ್ಬಿಗೂ ಮಾಡ್ತೀನಿ. ನಾಳೆ ತನಕ ಸಮಯ ಇದೆಯಲ್ಲ."

"ಮಾಡು," ಎಂದ ರಾದೆಕ್, ದಯೆಯಿಂದ.

ಅವಳು ಗ್ಯಾರೇಜಿನಲ್ಲೇ ನಿಂತು ಫೋನು ಮಾಡಿದಳು. ಸಮಿತಿಯ ಕಚೇರಿಯ ಹೆಂಗಸು ಎರಡು ಸಲ ಕೇಳಿಸಿಕೊಂಡು, ಅಪೀಲು ಹಾಕಬಹುದು, ಕ್ರಿಸ್‌ಮಸ್ ಆದ ಮೇಲೆ ಕರೆಯುತ್ತೇವೆ ಎಂದಳು. ಪೋಲೆಂಡಿನ ಕ್ಲಬ್ಬಿಗೆ ರಾದೆಕ್‌ನೇ ನಂಬರು ಒತ್ತಿಕೊಟ್ಟ. ಆ ಕಡೆಯ ಮ್ಯಾನೇಜರ್ ಸಭ್ಯವಾಗಿ ಕೇಳಿದ, ಸಭ್ಯವಾಗಿ ನಂಬಿದ. ಭಾನುವಾರವೇ ಹೇಳಿದ್ದರೆ ಕಾಯುತ್ತಿದ್ದೆವು, ಸೋಮವಾರ ನಿಷೇಧ ಬಂದ ಕೂಡಲೇ ಬೇರೆಯವನ ಜೊತೆ ಸಹಿ ಆಯಿತು ಎಂದ. ಡೆನ್ಮಾರ್ಕಿನ ಹುಡುಗನಂತೆ. ಇಪ್ಪತ್ತೆರಡು ವಯಸ್ಸು.

ಅವಳಿಗೆ ಆ ಹುದ್ದೆ ಸಿಕ್ಕಿತು. ಅಪೀಲಿನ ವಿಷಯವನ್ನು ತಾನಾಗಿಯೇ ಕಾರ್ಖಾನೆಯ ಹಿರಿಯರಿಗೆ ಹೇಳಿದಳು. ಅವರು ನಕ್ಕು, ಮನೆಯ ವಿಚಾರ ಮನೆಯಲ್ಲಿರಲಿ ಬಿಡಿ, ಎಂದರು. ಇಷ್ಟಕ್ಕೇ ಹೆದರಿದ್ದೆನೇ ಎಂದು ಅವಳಿಗೆ ಆಮೇಲೆ ಬಹಳ ದಿನ ಊಟ ಸೇರಲಿಲ್ಲ.

ಜನವರಿಯಲ್ಲಿ ಅವಳು ಸಮಿತಿಯ ಮುಂದೆ ಸಾಕ್ಷಿ ಹೇಳಿದಳು, ನಿಷೇಧ ರದ್ದಾಯಿತು. ಅಷ್ಟರಲ್ಲಿ ಪೋಲೆಂಡಿನ ಕ್ಲಬ್ಬುಗಳ ತಂಡಗಳೆಲ್ಲ ತುಂಬಿಹೋಗಿದ್ದವು. ರಾದೆಕ್ ಫೆಬ್ರವರಿಯಲ್ಲಿ ಬೈಕನ್ನು ಮಾರಿ ರಾವಿಚ್‌ಗೆ ಹೋದ. ಅಲ್ಲಿ ಪೀಠೋಪಕರಣದ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಮತ್ತೆ ರೇಸಿಗೆ ಇಳಿಯಲಿಲ್ಲ.